ಕೆರೆಯ ಹೂವಿಗಾಗಿ ಕೂಡಿದ ಸಭೆಗಳು

ಸುಮಾರು ಇಪ್ಪತ್ತು ವರ್ಷಗಳ ಹಿಂದಿನ ಮಾತು. ನಾನು ಕನ್ನಡ ಅಧ್ಯಾಪಕನಾಗಿ ಬಹುಕಾಲ ಕಳೆದ ಒಂದು ಸಣ್ಣ ಊರಿನಲ್ಲಿ, ಕೆರೆಯ ಏರಿಯ ಮೇಲಣ ಆಂಜನೇಯನ ಗುಡಿಯ ಮುಂದೆ, ಒಂದು ಸಂಜೆ ಸಭೆ ಸೇರಿತ್ತು. ಊರಿನ ಹೆಸರು ಇಲ್ಲಿ ಮುಖ್ಯವಲ್ಲ. ಅಂಥ ಕೆರೆ, ಅಂಥ ಗುಡಿ, ಅಂಥ ಸಭೆ ನಮ್ಮ ನಾಡಿನ ಯಾವ ಊರಿನಲ್ಲಾದರೂ ಇರಬಹುದು. ಕೆರೆಯ ನೀರು ಒಂದಿಷ್ಟೂ ಕಾಣದಂತೆ ಹಸುರೆಲೆ ಮುಚ್ಚಿತ್ತು. ಎಲೆಗಳ ನಡುವೆ ತಿಳಿನೇರಿಳೆ ಬಣ್ಣದ ಹೂಗೊಂಚಲುಗಳು ನಿಂತಿದ್ದವು. ದಾರಿಯಲ್ಲಿ ಹೋಗುವವನು ದೂರದಿಂದ ನೋಡಿದರೆ, ಯಾರೋ ಪುಣ್ಯಾತ್ಮರು ನೀರಿನ ಮೇಲೆ ತೋಟ ಮಾಡಿದ್ದಾರೆಂದು ಸಂತೋಷಪಡಬೇಕು, ಹಾಗಿತ್ತು.

ಸಭೆಗೆ ಬಂದಿದ್ದವರಿಗೆ ಮಾತ್ರ ಅದು ತೋಟವಾಗಿ ತೋರುತ್ತಿರಲಿಲ್ಲ. ಮೀನಿನ ಗುತ್ತಿಗೆ ಹಿಡಿದಿದ್ದ ಬೆಸ್ತರು ಹರಿಗೋಲು ಇಳಿಸಲು ದಾರಿಯಿಲ್ಲದೆ, ಆ ವರ್ಷದ ಗುತ್ತಿಗೆಯ ಹಣವನ್ನು ಕಟ್ಟುವುದು ಹೇಗೆಂದು ಚಿಂತಿಸುತ್ತಿದ್ದರು. ತೂಬಿನ ಬಾಯಿಗೆ ಬೇರಿನ ಗಂಟು ಸಿಕ್ಕಿಕೊಂಡು ಕಾಲುವೆಗೆ ನೀರು ಇಳಿಯುತ್ತಿಲ್ಲವೆಂದು ಅಚ್ಚುಕಟ್ಟಿನ ರೈತರು ದೂರಿದರು. ಮಡಿವಾಳರ ಅಜ್ಜಿಯೊಬ್ಬರು ಎದ್ದು ನಿಂತು, “ಒಗೆಯೋ ಕಲ್ಲು ಐತೆ ಸ್ವಾಮಿ, ನೀರೇ ಕಾಣಾಕಿಲ್ಲ” ಎಂದಷ್ಟೇ ಹೇಳಿ ಕುಳಿತರು. ಆಮೇಲೆ ಊರ ಹಿರಿಯರೊಬ್ಬರು ಒಂದು ಪ್ರಶ್ನೆ ಕೇಳಿದರು: “ಇದನ್ನ ಈ ಕೆರೆಗೆ ತಂದು ಹಾಕಿದೋರು ಯಾರು?” ಒಬ್ಬರು ಮೇಲಿನ ಕೆರೆಯ ಕೋಡಿಯಲ್ಲಿ ಬಂತೆಂದರು. ಒಬ್ಬರು ನೀರುಹಕ್ಕಿಗಳ ಕಾಲಿಗೆ ಅಂಟಿಕೊಂಡು ಬಂತೆಂದರು. ಹೂಳೆತ್ತಲು ಬಂದ ಕಂಟ್ರಾಕ್ಟರನ ಲಾರಿಯಲ್ಲಿ ಬಂತೆಂದು ಮತ್ತೊಬ್ಬರ ವಾದ. ಪರದೇಶದವರು ನಮ್ಮ ದೇಶವನ್ನು ಕೆಡಿಸಲು ಕಳಿಸಿದ್ದೆಂದು ಹೇಳಿದವರೂ ಇದ್ದರು. ಆ ಸಭೆಯ ಅಧ್ಯಕ್ಷಸ್ಥಾನದಲ್ಲಿ ನನ್ನನ್ನು ಕೂರಿಸಿದ್ದರು. ನಾನು ಆ ಪ್ರಶ್ನೆಗೆ ಉತ್ತರ ಹೇಳದೆ ಸುಮ್ಮನಿದ್ದೆ. ಆ ಮೌನಕ್ಕೆ ಕಾರಣವಿತ್ತು. ಅದನ್ನು ಕೊನೆಗೆ ಹೇಳುತ್ತೇನೆ.

ಅಂದಿನಿಂದ ಈ ಒಂದು ಗಿಡಕ್ಕಾಗಿ ಜನರು ಎಲ್ಲೆಲ್ಲಿ ಸಭೆ ಸೇರಿದ್ದಾರೆ, ಸೇರಿ ಏನೇನು ಮಾತನಾಡಿದ್ದಾರೆ ಎಂಬುದನ್ನು ಹುಡುಕಿ ಓದುವುದು ನನಗೊಂದು ಚಟವಾಯಿತು. ಸಸ್ಯಶಾಸ್ತ್ರ ನನ್ನ ವಿಷಯವಲ್ಲ. ಹಳಗನ್ನಡ ಪಾಠ ಹೇಳಿದವನಿಗೆ ಇದೇಕೆ ಎಂದು ಸ್ನೇಹಿತರು ನಗುವುದುಂಟು. ಆದರೆ ಓದುತ್ತ ಹೋದಂತೆ, ಇದರಲ್ಲಿ ಹೆಸರಿನ ಗೊಂದಲ, ಪಾಠದ ಗೊಂದಲ, ಕರ್ತೃವಿನ ಗೊಂದಲಗಳೆಲ್ಲ ನಮ್ಮ ಶಾಸ್ತ್ರದಲ್ಲಿರುವಷ್ಟೇ ಇವೆಯೆಂದು ನನಗೆ ಮನವರಿಕೆಯಾಯಿತು.

ಮೊದಲು ಹೆಸರನ್ನೇ ನೋಡಿ. ನಮ್ಮ ಕಡೆ ಅನೇಕರು ಇದನ್ನು ಅಂತರಗಂಗೆ ಎನ್ನುತ್ತಾರೆ. ಸೊಗಸಾದ ಹೆಸರು, ಆದರೆ ಇದರದಲ್ಲ. ಎಳೆಯ ಎಲೆಕೋಸನ್ನು ಬಿಡಿಸಿ ನೀರಿನ ಮೇಲೆ ಇಟ್ಟಂತೆ ತೇಲುವ ಇನ್ನೊಂದು ಗಿಡವುಂಟು, ಸಸ್ಯಶಾಸ್ತ್ರಜ್ಞರು ಪಿಸ್ಟಿಯಾ ಎನ್ನುವುದು. ಅಂತರಗಂಗೆ ಎಂಬುದು ಅದರ ಹೆಸರು. ಬಂದ ಗಿಡವು ಇದ್ದ ಗಿಡದ ಜಾಗವನ್ನು ಮಾತ್ರವಲ್ಲದೆ ಹೆಸರನ್ನೂ ಆಕ್ರಮಿಸಿತು. ಇಂಗ್ಲಿಷಿನವರು ಇದನ್ನು ವಾಟರ್ ಹಯಸಿಂತ್ ಎಂದರು. ಬಂಗಾಳಿಗಳು ಕಚೂರಿಪಾನ ಎಂದರು. ತವರೂರು ದಕ್ಷಿಣ ಅಮೆರಿಕದ ಅಮೆಜಾನ್ ಸೀಮೆ. 1817ರಿಂದ 1820ರವರೆಗೆ ಬ್ರೆಜಿಲ್ ದೇಶದಲ್ಲಿ ಸಂಚರಿಸಿದ ಜರ್ಮನ್ ವಿದ್ವಾಂಸ ಮಾರ್ಟಿಯಸ್ ಇದನ್ನು ಮೊದಲು ವರ್ಣಿಸಿ ಪೊಂಟಡೇರಿಯಾ ಕುಲಕ್ಕೆ ಸೇರಿಸಿದನು. 1843ರಲ್ಲಿ ಕುಂತ್ ಎಂಬ ಇನ್ನೊಬ್ಬ ಜರ್ಮನ್ ವಿದ್ವಾಂಸ ಇದನ್ನು ಅಲ್ಲಿಂದ ಬಿಡಿಸಿ, ಆಗ ಪ್ರಷ್ಯಾ ದೇಶದ ವಿದ್ಯಾಮಂತ್ರಿಯಾಗಿದ್ದ ಐಕ್‌ಹಾರ್ನ್ ಎಂಬುವನ ಗೌರವಾರ್ಥವಾಗಿ ಐಕ್‌ಹಾರ್ನಿಯಾ ಎಂದು ಹೆಸರಿಟ್ಟನು. ವಿದ್ಯಾಮಂತ್ರಿಗಳ ಹೆಸರನ್ನು ತಡೆಯಿಲ್ಲದೆ ಹಬ್ಬುವ ಕಳೆಗೆ ಇಟ್ಟದ್ದು ಎಷ್ಟು ಉಚಿತವೆಂಬುದನ್ನು, ಮೂವತ್ತು ವರ್ಷ ಕಾಲೇಜಿನಲ್ಲಿ ಸುತ್ತೋಲೆಗಳನ್ನು ಓದಿದ ನಾನು ಹೇಳಹೋಗುವುದಿಲ್ಲ. ಇತ್ತೀಚೆಗೆ ಸಸ್ಯಶಾಸ್ತ್ರಜ್ಞರು ಇದನ್ನು ಮತ್ತೆ ಮಾರ್ಟಿಯಸ್ ಇಟ್ಟ ಕುಲಕ್ಕೇ ಸೇರಿಸಿದ್ದಾರೆ.

ಈ ಗಿಡದ ಬೇರು ನೆಲಕ್ಕೆ ತಾಗಬೇಕಾಗಿಲ್ಲ. ನೀರಿನಲ್ಲಿ ತೂಗುತ್ತಿದ್ದರೆ ಸಾಕು. ಎಲೆಯ ತೊಟ್ಟು ಗಾಳಿ ತುಂಬಿದ ಬುರುಡೆಯಂತೆ ಉಬ್ಬಿಕೊಂಡು ಗಿಡವನ್ನು ತೇಲಿಸುತ್ತದೆ. ಬುಡದಿಂದ ಬಳ್ಳಿ ಹೊರಟು ಅದರ ತುದಿಯಲ್ಲಿ ಮರಿ ಹುಟ್ಟುತ್ತದೆ. ಬಿಸಿಲೂ ಕೊಳಕು ನೀರೂ ದೊರೆತರೆ ಒಂದೆರಡು ವಾರಗಳಲ್ಲಿ ಒಂದಿದ್ದದ್ದು ಎರಡಾಗುತ್ತದೆ. ಕೆಸರಿಗೆ ಬಿದ್ದ ಬೀಜ ಹದಿನೈದು ಇಪ್ಪತ್ತು ವರ್ಷ ಜೀವ ಹಿಡಿದಿರಬಲ್ಲದು. ಕಿತ್ತು ಮುಗಿಸಿದೆವೆಂದು ಸಂಭ್ರಮಪಟ್ಟ ಊರುಗಳೆಲ್ಲ ಮೋಸಹೋದದ್ದು ಈ ಬೀಜದಿಂದ.

ಇಷ್ಟು ಬಲಶಾಲಿಯಾದ ಗಿಡ ತಾನಾಗಿ ಸಮುದ್ರವನ್ನು ದಾಟಲಿಲ್ಲ. ಅದನ್ನು ಮನುಷ್ಯನು ಕೈಯಲ್ಲಿ ಹಿಡಿದು, ಆಸೆಯಿಂದ ದಾಟಿಸಿದನು. 1884-85ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದಲ್ಲಿ ಹತ್ತಿಯ ಶತಮಾನೋತ್ಸವದ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಅಲ್ಲಿ ನೋಡಲು ಬಂದವರಿಗೆ ಈ ಹೂಗಿಡವನ್ನು ನೆನಪಿನ ಕಾಣಿಕೆಯಾಗಿ ಹಂಚಿದರೆಂದೂ, ಅವರು ಮನೆಗೊಯ್ದು ಕೊಳದಲ್ಲಿ ಬಿಟ್ಟರೆಂದೂ, ಕೊಳ ತುಂಬಿದಾಗ ಹೊಳೆಗೆ ಚೆಲ್ಲಿದರೆಂದೂ ಹೇಳುತ್ತಾರೆ. ಹದಿನೈದು ವರ್ಷಗಳೊಳಗಾಗಿ ಲೂಯಿಸಿಯಾನ, ಫ್ಲಾರಿಡಾ ಪ್ರಾಂತಗಳ ನೀರ್ದಾರಿಗಳಲ್ಲಿ ಹಡಗು ಸಾಗುವುದು ಕಷ್ಟವಾಯಿತು. 1899ರಲ್ಲಿ ಅಮೆರಿಕದ ಕಾಂಗ್ರೆಸ್ಸು ಈ ಗಿಡವನ್ನು ತೆಗೆಯುವ ಕೆಲಸವನ್ನು ಯುದ್ಧಶಾಖೆಗೆ ವಹಿಸಿತು. ಶಾಖೆಯವರು ಪಾಷಾಣದ ದ್ರಾವಣವನ್ನು ಸಿಂಪಡಿಸಿ ನೋಡಿದರು. ಗಿಡದ ಜೊತೆಗೆ ಅದನ್ನು ಮೇಯಲು ಬಂದ ದನಗಳಿಗೂ ಅಪಾಯ ತಟ್ಟಿತು.

ಆಗ ನಡೆದ ಒಂದು ವಿಚಾರಣಾ ಸಭೆಯಷ್ಟು ವಿನೋದವಾದದ್ದನ್ನು ನಾನು ಬೇರೆಲ್ಲೂ ಓದಿಲ್ಲ. 1910ರ ಮಾರ್ಚ್ 24ರಂದು ವಾಷಿಂಗ್‌ಟನ್ನಿನಲ್ಲಿ ಪ್ರತಿನಿಧಿಸಭೆಯ ಕೃಷಿ ಸಮಿತಿಯ ಮುಂದೆ ಲೂಯಿಸಿಯಾನದ ಪ್ರತಿನಿಧಿ ರಾಬರ್ಟ್ ಬ್ರೂಸಾರ್ಡ್ ತಂದ ಮಸೂದೆ ಚರ್ಚೆಗೆ ಬಂತು. ಎರಡೂವರೆ ಲಕ್ಷ ಡಾಲರು ಕೊಟ್ಟು ಪರದೇಶದ ಕಾಡುಪ್ರಾಣಿಗಳನ್ನು, ಮುಖ್ಯವಾಗಿ ಆಫ್ರಿಕದ ನೀರ್ಗುದುರೆಗಳನ್ನು, ಅಮೆರಿಕಕ್ಕೆ ತರಿಸಬೇಕೆಂಬುದು ಅದರ ಸಾರ. ನೀರ್ಗುದುರೆ ಕಳೆಯನ್ನು ತಿನ್ನುತ್ತದೆ. ಜನರು ನೀರ್ಗುದುರೆಯನ್ನು ತಿನ್ನುತ್ತಾರೆ. ದೇಶದಲ್ಲಿ ಆಗ ಮಾಂಸದ ಅಭಾವವೂ ಇತ್ತಾದ್ದರಿಂದ ಒಂದೇ ಕಲ್ಲಿಗೆ ಎರಡು ಹಕ್ಕಿ. ಪತ್ರಿಕೆಯೊಂದು ಆ ಮಾಂಸಕ್ಕೆ ಕೆರೆಹಸುವಿನದೆಂದು ಮುದ್ದಾದ ಹೆಸರನ್ನೂ ಹುಡುಕಿತು.

ಮಸೂದೆಯ ಪರವಾಗಿ ಮಾತನಾಡಲು ಬಂದವರು ಇನ್ನೂ ವಿಚಿತ್ರ. ಸಸ್ಯಶಾಖೆಯ ಅಧಿಕಾರಿ ಇರ್ವಿನ್ ಒಬ್ಬನು. ಆಫ್ರಿಕದ ಬೋಯರ್ ಯುದ್ಧದಲ್ಲಿ ಬ್ರಿಟಿಷರ ಪರ ಬೇಹು ನಡೆಸಿದ್ದ ಫ್ರೆಡರಿಕ್ ಬರ್ನ್‌ಹಮ್ ಇನ್ನೊಬ್ಬನು. ಅದೇ ಯುದ್ಧದಲ್ಲಿ ಬೋಯರರ ಪರ ಹೋರಾಡಿದ್ದ ಫ್ರಿಟ್ಸ್ ಡುಕೇನ್ ಮೂರನೆಯವನು. ಬರ್ನ್‌ಹಮ್, ಡುಕೇನ್ ಇಬ್ಬರೂ ಆ ಯುದ್ಧಕಾಲದಲ್ಲಿ ಒಬ್ಬರನ್ನೊಬ್ಬರು ಕೊಲ್ಲಲು ನಿಯಮಿತರಾಗಿದ್ದವರು. ಈಗ ಒಂದೇ ಮೇಜಿನ ಮುಂದೆ ಕುಳಿತು ನೀರ್ಗುದುರೆಯ ಗುಣಗಾನ ಮಾಡಿದರು. ಸಮಿತಿಯವರು ಕುತೂಹಲದಿಂದಲೇ ಕೇಳಿದರು. ಮಸೂದೆ ಮಾತ್ರ ಮತಕ್ಕೆ ಬಾರದೆ ಹಾಗೆಯೇ ಬಿದ್ದುಹೋಯಿತು. ಡುಕೇನನು ಮುಂದೆ 1941ರಲ್ಲಿ ಜರ್ಮನ್ ಗೂಢಚಾರರ ದೊಡ್ಡ ಜಾಲದ ನಾಯಕನೆಂದು ಸೆರೆಸಿಕ್ಕಿದನು. ನೀರ್ಗುದುರೆ ಬಂದಿದ್ದರೆ ಏನಾಗುತ್ತಿತ್ತೆಂಬ ಪ್ರಶ್ನೆಗೂ ಉತ್ತರ ದೊರೆತಿದೆ. ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದಲ್ಲಿ ಮಾದಕವಸ್ತುಗಳ ದೊರೆಯೆನಿಸಿದ್ದ ಎಸ್ಕೊಬಾರ್ 1980ರ ದಶಕದಲ್ಲಿ ತನ್ನ ಖಾಸಗಿ ಮೃಗಾಲಯಕ್ಕೆ ನಾಲ್ಕು ನೀರ್ಗುದುರೆಗಳನ್ನು ತರಿಸಿದನು. 1993ರಲ್ಲಿ ಅವನು ಸತ್ತ ಮೇಲೆ ಅವು ಹೊಳೆಯ ಪಾಲಾಗಿ ನೂರಕ್ಕೂ ಮಿಗಿಲಾದವು. 2022ರಲ್ಲಿ ಆ ದೇಶದ ಸರಕಾರ ಅವನ್ನೇ ಆಕ್ರಮಣಕಾರಿ ಪ್ರಾಣಿಯೆಂದು ಘೋಷಿಸಬೇಕಾಯಿತು.

ನಗುವ ಮಾತು ಇಲ್ಲಿಗೆ ಸಾಕು. ಈ ಗಿಡವು ನಿಜವಾಗಿ ಜನರ ಅನ್ನಕ್ಕೆ ಕೈಹಾಕಿದ್ದು ನಮ್ಮ ದೇಶದ ಪೂರ್ವಬಂಗಾಳದಲ್ಲಿ.

ಪೂರ್ವಬಂಗಾಳ ನೀರಿನ ನಾಡು. ಅಲ್ಲಿ ರಸ್ತೆಯೆಂದರೆ ಹೊಳೆ, ಗಾಡಿಯೆಂದರೆ ದೋಣಿ. ಮಳೆಗಾಲದಲ್ಲಿ ನೀರು ಏರಿದಂತೆ ಅದರ ಜೊತೆಗೇ ಏರುವ ಆಮನ್ ಭತ್ತ, ಸೆಣಬು, ಇವೇ ರೈತನ ಬದುಕು. ಹತ್ತೊಂಬತ್ತನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಗಿಡ ಅಲ್ಲಿಗೆ ಬಂತು. ತಂದವರು ಯಾರು? ಢಾಕಾದ ಹತ್ತಿರದ ನಾರಾಯಣಗಂಜಿನ ಸೆಣಬಿನ ವ್ಯಾಪಾರಿಯೊಬ್ಬ ಆಸ್ಟ್ರೇಲಿಯದಿಂದ ತಂದನೆಂದು ಒಂದು ಕಥೆ. ಹೂವಿಗೆ ಮರುಳಾದ ಬ್ರೆಜಿಲ್ ಪ್ರವಾಸಿಯೊಬ್ಬ ತಂದನೆಂದು ಇನ್ನೊಂದು. ಮೊದಲನೆಯ ಮಹಾಯುದ್ಧ ನಡೆದಾಗ ಹುಟ್ಟಿದ ಕಥೆ ಎಲ್ಲಕ್ಕಿಂತ ಹೆಚ್ಚು ಹರಡಿತು. ಇಂಗ್ಲಿಷರ ರಾಜ್ಯವನ್ನು ಹಾಳುಮಾಡಲು ಜರ್ಮನರು ಗುಟ್ಟಾಗಿ ಬಿಟ್ಟದ್ದಂತೆ! ಗಿಡಕ್ಕೆ ಜರ್ಮನ್ ಪಾನ ಎಂದೇ ಹೆಸರಾಯಿತು. ಗಿಡವನ್ನು ತಂದದ್ದು ಜರ್ಮನರಲ್ಲ. ಆದರೆ ಅದರ ಶಾಸ್ತ್ರೀಯ ಹೆಸರು ಜರ್ಮನ್ ಮಂತ್ರಿಯೊಬ್ಬನದೆಂಬುದು ಆ ರೈತರಿಗೆ ತಿಳಿದಿದ್ದರೆ ಕಥೆಗೆ ಇನ್ನಷ್ಟು ಬಲ ಬರುತ್ತಿತ್ತೇನೋ.

ಮೊದಲು ದೂರಿತ್ತವರು ವ್ಯಾಪಾರಿಗಳು. ಸೆಣಬಿನ ದೋಣಿಗಳು ನಿಂತದ್ದರಿಂದ ನಾರಾಯಣಗಂಜಿನ ವಾಣಿಜ್ಯಸಂಘ 1914ರಲ್ಲಿ ಸರಕಾರದ ಗಮನ ಸೆಳೆಯಿತು. ಆದರೆ ಹೆಚ್ಚಿನ ಕಷ್ಟವೆಲ್ಲ ರೈತನದು. ಪ್ರವಾಹದ ನೀರಿನೊಡನೆ ಹಸುರು ಚಾಪೆ ತೇಲಿಬಂದು ಎಳೆಯ ಭತ್ತದ ಮೇಲೆ ಮಲಗುತ್ತಿತ್ತು. ರೈತರು ಹೊಲದ ಸುತ್ತ ಬಿದಿರಿನ ಬೇಲಿ ಕಟ್ಟಿ ತಡೆದರು. ದೊಡ್ಡ ನೀರು ಬಂದರೆ ಬೇಲಿ ಸಹಿತ ಹೋಗುತ್ತಿತ್ತು. ಮೇವಿಲ್ಲದ ದಿನಗಳಲ್ಲಿ ಇದನ್ನೇ ದನಗಳಿಗೆ ಹಾಕಿದರು. ಅದರಲ್ಲಿ ನೀರೇ ಹೆಚ್ಚಾದ್ದರಿಂದ ದನಗಳು ಬಡವಾದವು. 1920ರ ಹೊತ್ತಿಗೆ ಬಂಗಾಳದ ಹೊಳೆ, ಕಾಲುವೆ, ಜೌಗುಗಳಲ್ಲಿ ಈ ಗಿಡವಿಲ್ಲದ ಎಡೆಯನ್ನು ಹುಡುಕಬೇಕಾಗಿತ್ತು.

ಈ ನಡುವೆ ಸರಕಾರಕ್ಕೆ ಒಂದು ಲಾಭದ ಆಸೆಯೂ ಹುಟ್ಟಿತ್ತು. ಗಿಡವನ್ನು ಸುಟ್ಟ ಬೂದಿಯಲ್ಲಿ ಪೊಟ್ಯಾಶ್ ಹೇರಳವಾಗಿದೆಯೆಂದು ಕೃಷಿಶಾಖೆಯ ಫಿನ್ಲೊ ಮತ್ತು ಮೆಕ್ಲೀನ್ 1917ರಲ್ಲಿ ಬರೆದರು. ಜರ್ಮನಿಯಿಂದ ಬರುತ್ತಿದ್ದ ಪೊಟ್ಯಾಶ್ ಯುದ್ಧದಿಂದಾಗಿ ನಿಂತುಹೋಗಿದ್ದ ಕಾಲ ಅದು. ಶತ್ರುವಿನದೆಂದು ಜನ ಹೆಸರಿಟ್ಟ ಗಿಡದಲ್ಲಿ ಶತ್ರು ಕೊಡದಿದ್ದ ಗೊಬ್ಬರವನ್ನು ಹುಡುಕಿದ್ದು ಎಂಥ ವಿಚಿತ್ರ! ಹಣ ತರುವ ಗಿಡವೋ ಕೊಲ್ಲಬೇಕಾದ ಗಿಡವೋ ಎಂದು ನಿಶ್ಚಯಿಸಲು ಆಗದೆ ಕೆಲವು ವರ್ಷಗಳು ಸಂದವು. ನೆರೆಯ ಬರ್ಮಾದಲ್ಲಿ ಅದೇ 1917ರಲ್ಲಿ ಇದಕ್ಕೆ ವಿರುದ್ಧವಾಗಿ ಕಾಯಿದೆಯೇ ಆಗಿತ್ತು. ಬಂಗಾಳಕ್ಕೆ ಅಂಥದು ಬರಲು ಇನ್ನೂ 19 ವರ್ಷ ಬೇಕಾಯಿತು.

1921ರಲ್ಲಿ ಬಂಗಾಳ ಸರಕಾರ ಒಂದು ಸಮಿತಿಯನ್ನು ರಚಿಸಿತು. ಅದರ ಅಧ್ಯಕ್ಷರು ಆಚಾರ್ಯ ಜಗದೀಶಚಂದ್ರ ಬೋಸರು. ಸಸ್ಯಗಳಿಗೂ ಸಂವೇದನೆಯುಂಟೆಂದು ಜಗತ್ತಿಗೆ ತೋರಿಸಿದ ಮಹನೀಯರಿಗೆ ಒಂದು ಸಸ್ಯವನ್ನು ಕೊಲ್ಲುವ ಉಪಾಯ ಹುಡುಕುವ ಕೆಲಸ ಬಂತು. ಯಂತ್ರದಿಂದ ದ್ರಾವಣ ಸಿಂಪಡಿಸಿ ಗಿಡವನ್ನು ನಾಶಮಾಡಿಕೊಡುತ್ತೇವೆಂದು ಹೇಳುವವರು ಆಗಲೂ ಇದ್ದರು. ಮೇಲಿನ ಎಲೆ ಸುಟ್ಟರೂ ನೀರಿನೊಳಗಿನ ಬುಡ ಉಳಿದು ಮತ್ತೆ ಚಿಗುರುತ್ತದೆಯೆಂಬ ಸಂಶಯ ಬೋಸರದು. ಕೈಯಿಂದ ಕಿತ್ತು ತೆಗೆಯಬೇಕು. ಒಬ್ಬರು ಕಿತ್ತು ಮಗ್ಗುಲವರು ಬಿಟ್ಟರೆ ಪ್ರಯೋಜನವಿಲ್ಲ. ಎಲ್ಲರೂ ಒಂದೇ ಕಾಲದಲ್ಲಿ ತೆಗೆಯಬೇಕು ಎಂಬ ಮಾತು ಕ್ರಮೇಣ ಗಟ್ಟಿಯಾಯಿತು.

ಆದರೆ ತೆಗೆಯುವವರು ಯಾರು? ಸಭೆಗಳ ನಿಜವಾದ ಜಗಳ ಇಲ್ಲಿ. ಹೊಳೆ ಸರಕಾರದ್ದು, ಜೌಗು ಜಮೀನ್ದಾರನದು, ಹೊಲ ಗೇಣಿದಾರನದು. ರೈಲುದಾರಿಯ ಏರಿಗೆ ಮಣ್ಣು ತೆಗೆದ ಹೊಂಡಗಳು ಉದ್ದಕ್ಕೂ ನೀರು ನಿಂತು ಗಿಡಕ್ಕೆ ತೊಟ್ಟಿಲಾಗಿದ್ದವು; ಅವು ರೈಲ್ವೆಯವರವು. ಹರಿಯುವ ನೀರನ್ನು ಏರಿಗಳಿಂದ ಕಟ್ಟಿ ನಿಲ್ಲಿಸಿದ್ದೇ ಕಳೆ ಇಷ್ಟು ಹಬ್ಬಲು ಕಾರಣವಾಯಿತೆಂದು ಬಂಗಾಳದ ಜಲಭೂಮಿಯ ಚರಿತ್ರೆಯನ್ನು 2010ರಲ್ಲಿ ಬರೆದ ಇಫ್ತಿಖಾರ್ ಇಕ್ಬಾಲರು ವಾದಿಸುತ್ತಾರೆ. ನನಗೂ ಆ ವಾದ ಒಪ್ಪಿಗೆಯಾಗುತ್ತದೆ. ನೀರನ್ನು ಕಟ್ಟಿದವರು ಯಾರೋ, ಗಿಡ ಕೀಳಬೇಕಾದವರು ಯಾರೋ. 1936ರಲ್ಲಿ ಬಂದ ಬಂಗಾಳದ ಕಾಯಿದೆ ಈ ಪ್ರಶ್ನೆಯನ್ನು ಸುಲಭವಾಗಿ ಬಗೆಹರಿಸಿತು. ಯಾರ ವಶದ ನೆಲದಲ್ಲಿ ಗಿಡವಿದೆಯೋ ಅವರೇ ತೆಗೆಯಬೇಕು. ಗಿಡವನ್ನು ಬೆಳೆಸುವಂತಿಲ್ಲ, ಇಟ್ಟುಕೊಳ್ಳುವಂತಿಲ್ಲ. ಸರಕಾರ ಹೂಡುವ ಕಳೆ ತೆಗೆಯುವ ಕೆಲಸದಲ್ಲಿ ಊರವರು ಕೈಗೂಡಿಸಬೇಕು. ರಾತ್ರಿ ಗೇಣಿದಾರನ ಹೊಲಕ್ಕೆ ತಾನಾಗಿ ತೇಲಿಬಂದ ಕಳೆ ಬೆಳಗಾದರೆ ಅವನ ಅಪರಾಧವಾಯಿತು.

ಮರುವರ್ಷ, 1937ರಲ್ಲಿ, ಪ್ರಾಂತೀಯ ಚುನಾವಣೆ. ಆ ಚುನಾವಣೆಯಲ್ಲಿ ಮುಖ್ಯ ಪಕ್ಷಗಳೆಲ್ಲವೂ ಬಂಗಾಳವನ್ನು ಕಚೂರಿಪಾನದಿಂದ ಬಿಡಿಸುವುದಾಗಿ ಜನರಿಗೆ ಮಾತು ಕೊಟ್ಟವು. ಒಂದು ಕಳೆಯ ಹೆಸರು ಚುನಾವಣೆಯ ಪ್ರಣಾಳಿಕೆಗಳಲ್ಲಿ ಸೇರುವುದು ಸಾಮಾನ್ಯ ಸಂಗತಿಯಲ್ಲ. ಎಷ್ಟು ಹೊಲಗಳು ಮುಳುಗಿರಬೇಕು, ಎಷ್ಟು ಜಗಲಿಗಳಲ್ಲಿ ಎಷ್ಟು ಸಂಜೆ ಈ ಮಾತು ನಡೆದಿರಬೇಕು! ಎಲ್ಲರಿಗೂ ಬೇಳೆ ಅನ್ನ ಸಿಗಬೇಕೆಂದು ಸಾರಿದ ಕೃಷಕ ಪ್ರಜಾ ಪಕ್ಷದ ಫಜಲುಲ್ ಹಕ್ ಮುಖ್ಯಮಂತ್ರಿಗಳಾದರು, ಆಗಿನ ಮಾತಿನಲ್ಲಿ ಪ್ರಧಾನಮಂತ್ರಿಗಳು. ಕೊಟ್ಟ ಮಾತಿನಂತೆ ದೊಡ್ಡದಾಗಿ ಕೆಲಸ ಹೂಡಿದರು. ಕಿತ್ತ ಗಿಡದ ರಾಶಿ ಗೊಬ್ಬರವಾಗಿ ಹೊಲಕ್ಕೆ ಹೋಯಿತು. 1947ರ ಹೊತ್ತಿಗೆ ಅನೇಕ ಕಡೆ ಕಳೆ ಹತೋಟಿಗೆ ಬಂದು ದೋಣಿಗಳು ಮತ್ತೆ ಸಾಗಿದವೆಂದು ಬಾಂಗ್ಲಾದ ಚರಿತ್ರೆಕಾರರು ಬರೆದಿದ್ದಾರೆ. ಕಳೆ ಸಾಯಲಿಲ್ಲ, ಇಂದಿಗೂ ಅಲ್ಲಿದೆ. ಗೋಪಾಲಗಂಜ್, ಬಾರಿಸಾಲ್, ಪಿರೋಜಪುರದ ರೈತರು ಅದನ್ನೇ ಹಾಸಿನಂತೆ ಒತ್ತೊತ್ತಾಗಿ ಕಟ್ಟಿ, ನೀರಿನ ಮೇಲೆ ತೇಲುವ ಮಡಿ ಮಾಡಿ, ತರಕಾರಿಯ ಸಸಿ ಬೆಳೆಯುತ್ತಾರೆ. 2015ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ ಆ ತೇಲುತೋಟಗಳನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆಯೆಂದು ಮನ್ನಿಸಿತು.

ಇನ್ನು ನಮ್ಮ ದಕ್ಷಿಣಕ್ಕೆ ಬರೋಣ. ಇಲ್ಲಿಯ ಕಥೆಯಲ್ಲಿ ನನ್ನಂಥ ಗ್ರಂಥಸಂಪಾದನೆಯ ಮೇಷ್ಟರಿಗೆ ಪ್ರಿಯವಾದ ಒಂದು ಪ್ರಸಂಗವಿದೆ. ಗಿಡ ಬೇರೆ, ನೀರು ಒಂದೇ.

ಕೇರಳದ ತಿರುವನಂತಪುರದ ಬಳಿಯ ವೇಳಿ ಸರೋವರದಲ್ಲಿ 1950ರ ದಶಕದಲ್ಲಿ ಒಂದು ತೇಲುವ ಜರಿಗಿಡ ಕಾಣಿಸಿತು. 1960ರ ದಶಕದಲ್ಲಿ ಸಮುದ್ರಮಟ್ಟಕ್ಕಿಂತ ಕೆಳಗಿರುವ ಕುಟ್ಟನಾಡಿನ ಭತ್ತದ ಗದ್ದೆಗಳಿಗೆ ನುಗ್ಗಿತು. ಬಿತ್ತುವ ಮೊದಲು ಅದನ್ನು ಎತ್ತಿ ಹಾಕುವುದಕ್ಕೇ ರೈತನ ಕೈಯ ಹಣ ಮುಗಿಯುತ್ತಿತ್ತು. ಜನ ಅದಕ್ಕೆ ಆಫ್ರಿಕನ್ ಪಾಯಲ್ ಎಂದು ಹೆಸರಿಟ್ಟರು. ಅದೂ ಆಫ್ರಿಕದ್ದಲ್ಲ. ಬಂಗಾಳದವರು ಜರ್ಮನರನ್ನು ದೂರಿದಂತೆ ಇವರು ಆಫ್ರಿಕವನ್ನು ದೂರಿದರು.

ಜನ ಹೆಸರು ತಪ್ಪಿದ್ದರಿಂದ ನಷ್ಟವೇನೂ ಆಗಲಿಲ್ಲ. ವಿಜ್ಞಾನಿಗಳು ಹೆಸರು ತಪ್ಪಿದ್ದರಿಂದ ವರ್ಷಗಳೇ ಹೋದವು. ಅವರು ಇದನ್ನು ಸಾಲ್ವಿನಿಯಾ ಆರಿಕ್ಯುಲೇಟ ಎಂಬ ಗಿಡವೆಂದು ತಿಳಿದಿದ್ದರು. ತವರಿನಲ್ಲಿ ಅದನ್ನು ತಿಂದು ಹತೋಟಿಯಲ್ಲಿಡುವ ಹುಳವನ್ನು ಹುಡುಕಿ ತರಬೇಕೆಂದು ಆ ಗಿಡದ ಮೇಲಿನ ಹುಳಗಳನ್ನೇ ತಂದು ಬಿಟ್ಟರು, ಕೆಲಸ ನಡೆಯಲಿಲ್ಲ. 1972ರಲ್ಲಿ ಮಿಚೆಲ್ ಎಂಬ ವಿದ್ವಾಂಸ, ಇದು ಆ ಗಿಡವೇ ಅಲ್ಲ, ಬೇರೆ ಜಾತಿ ಎಂದು ತೋರಿಸಿ ಸಾಲ್ವಿನಿಯಾ ಮೊಲೆಸ್ಟ ಎಂದು ಹೊಸ ಹೆಸರಿಟ್ಟನು. ಒಂದು ಕೃತಿ ಮತ್ತೊಬ್ಬ ಕವಿಯ ಹೆಸರಿನಲ್ಲಿ ನೂರು ವರ್ಷ ಓದಿಸಿಕೊಂಡು, ಕೊನೆಗೆ ಯಾರೋ ಓಲೆಯನ್ನು ನೇರ ನೋಡಿ ಇದು ಅವನದಲ್ಲ ಎಂದಂತಾಯಿತು. ಸರಿಯಾದ ಹೆಸರು ಗೊತ್ತಾದ ಮೇಲೆ ಸರಿಯಾದ ತವರನ್ನು ಹುಡುಕಿದರು. 1978ರಲ್ಲಿ ಬ್ರೆಜಿಲ್ ದೇಶದ ಆಗ್ನೇಯ ಭಾಗದಲ್ಲಿ ಅದು ಸಿಕ್ಕಿತು. ಅಲ್ಲಿ ಆ ಗಿಡದ ಮೇಲೆ ಸುಮಾರು ಎರಡು ಮಿಲಿಮೀಟರ್ ಉದ್ದದ ಒಂದು ಕರಿಯ ಮೂತಿಹುಳವಿತ್ತು. ಆ ಹುಳವನ್ನೂ ಮೊದಲು ಬೇರೊಂದು ಜಾತಿಯೆಂದೇ ತಿಳಿದರು. 1985ರಲ್ಲಿ ಅದಕ್ಕೂ ತನ್ನದೇ ಹೆಸರು ಬಂತು. ಪಾಠ ತಿದ್ದುವವನೂ ತಪ್ಪುತ್ತಾನೆ.

ಈ ಹುಳವು ಆಸ್ಟ್ರೇಲಿಯದ ಒಂದು ಸರೋವರವನ್ನು ಬಿಡಿಸಿತು. ಪಪುವಾ ನ್ಯೂಗಿನಿಯ ಸೆಪಿಕ್ ಹೊಳೆಯ ಬಯಲಿನಲ್ಲಿ ಸುಮಾರು 250 ಚದರ ಕಿಲೋಮೀಟರ್ ನೀರು ಮುಚ್ಚಿಹೋಗಿ, ದೋಣಿ ನಡೆಯದೆ, ಕೆಲವು ಹಳ್ಳಿಗಳ ಜನ ಊರನ್ನೇ ಬಿಟ್ಟಿದ್ದರು. ಅಲ್ಲಿ ಹುಳ ಮೊದಲಿಗೆ ಬದುಕಲಿಲ್ಲ. ಗಿಡದಲ್ಲಿ ಸಾರವಿಲ್ಲದ್ದರಿಂದ ಹುಳಕ್ಕೆ ಹೊಟ್ಟೆ ತುಂಬುತ್ತಿಲ್ಲವೆಂದು ತಿಳಿದು, ಕೊಲ್ಲಬೇಕಾದ ಕಳೆಗೇ ಯೂರಿಯಾ ಗೊಬ್ಬರ ಹಾಕಿದರು. ಆಮೇಲೆ ಹುಳ ಹೆಚ್ಚಿತು, ಹೊಳೆ ತೆರೆಯಿತು.

1982ರ ವೇಳೆಗೆ ಅದು ಆಸ್ಟ್ರೇಲಿಯದಿಂದ ಬೆಂಗಳೂರಿಗೆ ಬಂತು. ಹೊರಗಿನ ಹುಳವನ್ನು ಹಾಗೆಯೇ ಬಿಡುವಂತಿಲ್ಲ. ಕದ ಮುಚ್ಚಿದ ಪ್ರಯೋಗಶಾಲೆಯಲ್ಲಿ ನಮ್ಮ ಬೆಳೆಗಿಡಗಳನ್ನು ಮುಂದಿಟ್ಟು, ಹಸಿದರೂ ಇವನ್ನು ಮುಟ್ಟುವುದಿಲ್ಲವೆಂದು ನಿಶ್ಚಯಿಸಿಕೊಳ್ಳಬೇಕು. ನೀರ್ಗುದುರೆಯ ಮಸೂದೆಯಲ್ಲಿ ಇಲ್ಲದಿದ್ದ ವಿವೇಕ ಇದೇ. ಹೀಗೆ ಪರೀಕ್ಷಿಸಿ ಬೆಂಗಳೂರಿನ ಒಂದು ನೈದಿಲೆಯ ಕೊಳದಲ್ಲಿ ಬಿಟ್ಟರು, ಕೊಳ ತಿಳಿಯಾಯಿತು. ಕೇರಳ ಕೃಷಿ ವಿಶ್ವವಿದ್ಯಾಲಯದವರು ಕುಟ್ಟನಾಡಿನ ಕಡೆ ಬಿಟ್ಟರು. ಕೆಲವೇ ವರ್ಷಗಳಲ್ಲಿ ದೋಣಿದಾರಿಗಳು ತೆರೆದವು. ಇದೇ ಕಾಲದಲ್ಲಿ ನಮ್ಮ ಮೊದಲ ಗಿಡದ, ಎಂದರೆ ಕಚೂರಿಪಾನದ, ಶತ್ರುಗಳಾದ ಎರಡು ಬಗೆಯ ಮೂತಿಹುಳಗಳೂ ಬೆಂಗಳೂರಿಗೆ ಬಂದವು. ದೊಡ್ಡ ಹುಳ ಎಲೆಯನ್ನು ಕೆರೆದು ತಿನ್ನುತ್ತದೆ, ಮರಿಹುಳ ತೊಟ್ಟಿನೊಳಗೆ ಸುರಂಗ ತೋಡುತ್ತದೆ. ನೀರು ಒಳಹೊಕ್ಕು ಗಿಡ ಕೊಳೆತು ಮುಳುಗುತ್ತದೆ. ಹೆಬ್ಬಾಳದ ಕೆರೆಯಲ್ಲಿ ಬಿಟ್ಟ ಮೂರು ವರ್ಷದೊಳಗೆ ಬಹುಪಾಲು ಕಳೆ ಹೋಯಿತು.

ಹಾಗಾದರೆ ಇಂದೂ ಬೆಂಗಳೂರಿನ ಕೆರೆಗಳಲ್ಲಿ ಕಳೆಯೇಕೆ ಎಂದು ಕೇಳುಗರು ಕೇಳಬಹುದು. ಹುಳಕ್ಕೆ ಒಂದು ಹೊಟ್ಟೆ; ನಗರದ ಚರಂಡಿಗಳಿಗೆ ಸಾವಿರ ಬಾಯಿ. ನಾವು ಹಗಲಿರುಳು ಸುರಿಯುವ ಮಲಿನದಲ್ಲಿ ಗಿಡಕ್ಕೆ ಬೇಕಾದ ಸಾರವೆಲ್ಲ ಇದೆ. ಹುಳ ತಿನ್ನುವುದಕ್ಕಿಂತ ಬೇಗ ಅದು ಬೆಳೆಯುತ್ತದೆ. ಬೆಳ್ಳಂದೂರಿನ ಕೆರೆ 2015ರಲ್ಲಿ ನೊರೆಯುಕ್ಕಿ ರಸ್ತೆಗೆ ಬಂದದ್ದನ್ನೂ, 2017ರ ಫೆಬ್ರವರಿಯಲ್ಲಿ ಹೊತ್ತಿ ಉರಿದದ್ದನ್ನೂ ಪತ್ರಿಕೆಗಳಲ್ಲಿ ನೋಡಿದ್ದೇವೆ. ಬಂಗಾಳದ ರೈಲುದಾರಿಯ ಹೊಂಡಗಳ ಕಥೆಯೇ ಇದು. ಅಮೆರಿಕದವರು 1990ರಲ್ಲಿ, ಹಡಗುಗಳ ನೀರಿನಲ್ಲಿ ಬಂದ ಒಂದು ಪಟ್ಟೆಯ ಚಿಪ್ಪುಹುಳು ಅವರ ಮಹಾಸರೋವರಗಳ ಕೊಳವೆಗಳನ್ನು ಮುಚ್ಚಿದ ಮೇಲೆ, ನೀರಿಗೆ ಹೊರಗಿನ ಜೀವಿಗಳು ಬಾರದಂತೆ ತಡೆಯಲು ಕಾಯಿದೆ ಮಾಡಿ ಕಾರ್ಯಪಡೆಯೊಂದನ್ನು ನಿಯಮಿಸಿದರು. ಅದರ ಸಭೆಗಳಿಗೆ ಸಾರ್ವಜನಿಕರೂ ಹೋಗಿ ಮಾತನಾಡಬಹುದು. ನೀರ್ಗುದುರೆಯ ಪರವಾಗಿ ಯಾರೂ ಈಗ ಹೋಗುವುದಿಲ್ಲವೆಂದು ನಂಬಿದ್ದೇನೆ.

ನಮ್ಮ ಊರಿನ ಸಭೆಗೆ ಮರಳುತ್ತೇನೆ. 1986ರ ಬೇಸಿಗೆಯಲ್ಲಿ ನಾನು ಪರೀಕ್ಷೆಯ ಉತ್ತರಪತ್ರಿಕೆಗಳನ್ನು ತಿದ್ದಲು ಬೆಂಗಳೂರಿಗೆ ಹೋಗಿದ್ದೆ. ಉಳಿದುಕೊಂಡಿದ್ದ ಮನೆಯ ಹತ್ತಿರ ಒಂದು ಕೆರೆ. ಅದರ ಅಂಚಿನಲ್ಲಿ ಈ ಹೂವು. ಅಷ್ಟು ಚೆಲುವಾದ ಹೂವು ನಮ್ಮ ಕಡೆ ಇಲ್ಲವಲ್ಲ ಎನಿಸಿತು. ಎರಡು ಗಿಡಗಳನ್ನು ಒದ್ದೆ ಪತ್ರಿಕೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದೆ. ನನ್ನ ಬಾಡಿಗೆ ಮನೆಯ ಹಿತ್ತಲಿನ ಕಲ್ಲುತೊಟ್ಟಿಯಲ್ಲಿ ಬಿಟ್ಟೆ. ಮೊದಲ ಹೂವು ಅರಳಿದ ದಿನ ತರಗತಿಯ ಹುಡುಗರನ್ನು ಕರೆದು ತೋರಿಸಿದ್ದೂ ಉಂಟು. ಮಳೆಗಾಲ ಮುಗಿಯುವ ಹೊತ್ತಿಗೆ ತೊಟ್ಟಿ ತುಂಬಿ ಹೆಚ್ಚಾದ್ದನ್ನು ಹಿಂದಿನ ಮೋರಿಗೆ ಎಸೆದೆ. ಆ ಮೋರಿ ಕೆರೆಗೆ ಹೋಗುತ್ತದೆ. ನನ್ನ ಗಿಡವೇ ಕೆರೆಯನ್ನು ತುಂಬಿತೋ, ಮೇಲಿನ ಕೆರೆಯಿಂದಲೂ ಬಂತೋ, ನಾನು ಹೇಳಲಾರೆ. ನಾರಾಯಣಗಂಜಿನ ಆ ವ್ಯಾಪಾರಿಗೂ ಹೇಳಲು ಆಗುತ್ತಿರಲಿಲ್ಲವೇನೋ.

ಅಂದಿನ ಸಭೆ ಶ್ರಮದಾನ ನಡೆಸಬೇಕೆಂದು ತೀರ್ಮಾನಿಸಿತು. ಮನೆಗೊಬ್ಬರಂತೆ ಬಂದು ಮೂರು ಭಾನುವಾರ ಕಿತ್ತರು. ಏರಿಯ ಮೇಲೆ ಒಟ್ಟಿದ ರಾಶಿ ಆಳೆತ್ತರಕ್ಕೂ ಮಿಗಿಲಾಗಿತ್ತು. ರೈತರು ಗೊಬ್ಬರಕ್ಕೆಂದು ಗಾಡಿಯಲ್ಲಿ ಹೇರಿಕೊಂಡು ಹೋದರು. ಮರುವರ್ಷ ಮಳೆ ಬಿದ್ದ ಮೇಲೆ ಕೋಡಿಯ ಮೂಲೆಯಲ್ಲಿ ಮತ್ತೆ ಹಸುರು ಕಂಡಿತು. ಮತ್ತೆ ಸಭೆ. ಮತ್ತೆ ನನ್ನನ್ನೇ ಕೂರಿಸಿದರು. ಈ ಸಲ ನಾನು ಎದ್ದು ನಿಂತು, ಬಸ್ಸಿನ ಪ್ರಯಾಣದಿಂದ ಮೋರಿಯವರೆಗೆ ಎಲ್ಲವನ್ನೂ ಹೇಳಿದೆ. ಸಭೆ ಸ್ವಲ್ಪ ಹೊತ್ತು ಸುಮ್ಮನಿತ್ತು. ಆಮೇಲೆ ಬೆಸ್ತರ ಹಿರಿಯರೊಬ್ಬರು, “ಆಯ್ತು ಬಿಡಿ ಮೇಷ್ಟ್ರೇ, ಭಾನುವಾರ ನೀವೂ ನೀರಿಗಿಳೀರಿ” ಎಂದರು. ಅಜ್ಜಿ ನಕ್ಕರು. ನಾನು ಇಳಿದೆ, ಮೊಣಕಾಲಿನವರೆಗೆ ಕೆಸರು, ಕೈಗೆ ಸಿಕ್ಕಿದ ಬೇರು ಒದ್ದೆ ಕೂದಲಿನಂತೆ ನುಣುಪು.

ಕೆಲವು ದಿನಗಳ ಮೇಲೆ ಸಂಘದ ಕಾರ್ಯದರ್ಶಿ ನಡವಳಿಯ ಪುಸ್ತಕವನ್ನು ರುಜುವಿಗಾಗಿ ಮನೆಗೆ ತಂದರು. ಗುತ್ತಿಗೆಯ ಬಾಕಿ, ತೂಬಿನ ರಿಪೇರಿ, ಶ್ರಮದಾನದ ತಾರೀಖು ಎಲ್ಲವನ್ನೂ ವಿವರವಾಗಿ ಬರೆದಿದ್ದರು. ಕೊನೆಯ ಸಾಲಿನಲ್ಲಿ, “ಅಧ್ಯಕ್ಷರು ಸಮಯೋಚಿತವಾಗಿ ಮಾತನಾಡಿದರು” ಎಂದಿತ್ತು. ನಾನು ರುಜು ಹಾಕಿದೆ.